ಎರಡು ಗೆರೆ ಕೂಡುವಲ್ಲಿ ನಮ್ಮಪ್ಪ ಎಲ್ಲಿ ನಿಂತಾನ್ರಿ?

ಬಿ.ಎ. ಮೊದಲ ವರ್ಷದ ತರಗತಿ. ಬೋರ್ಡಿನ ಮೇಲೆ ಎರಡು ಗೆರೆ ಎಳೆದಿದ್ದೆ. ಎಡದಿಂದ ಬಲಕ್ಕೆ ಇಳಿಯುವುದು ಬೇಡಿಕೆ, ಏರುವುದು ಪೂರೈಕೆ. ಎರಡೂ ಕೂಡುವಲ್ಲಿ ಒಂದು ಚುಕ್ಕೆ ಇಟ್ಟು ‘ಇದು ಸಮತೋಲನ ಬೆಲೆ’ ಎಂದೆ. ವರ್ಷಗಳಿಂದ ಹೀಗೇ ಹೇಳಿಕೊಂಡು ಬಂದಿದ್ದೇನೆ, ಸೀಮೆಸುಣ್ಣ ತಾನಾಗಿಯೇ ಆ ಗೆರೆ ಎಳೆಯುತ್ತದೆ. ಆ ದಿನ ಹಿಂದಿನ ಬೆಂಚಿನಿಂದ ಇಂಡಿ ಕಡೆಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: ‘ಸರ್, ಇದರಾಗ ನಮ್ಮಪ್ಪ ಎಲ್ಲಿ ನಿಂತಾನ್ರಿ?’

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಅವನು ನಗಲಿಲ್ಲ. ‘ಮೊನ್ನೆ ಮೂರು ಡಾಗ ಲಿಂಬಿಕಾಯಿ ಒಯ್ದಿದ್ದನ್ರಿ. ಲಿಲಾವಾತು. ಗಾಡಿ ಬಾಡಿಗಿ, ಹಮಾಲಿ, ದಲಾಲಿ ಎಲ್ಲಾ ಮುರಕೊಂಡು ಕೈಯಾಗ ಕೊಟ್ಟಿದ್ದು ಬಸ್ ಚಾರ್ಜಿಗಿ ಸಾಲಲಿಲ್ರಿ. ಸಮತೋಲನ ಯಾರಿಗಾತ್ರಿ?’

ನಾನು ಕೊಟ್ಟ ಉತ್ತರ ಇದು: ‘ಪರೀಕ್ಷಾದಾಗ ಅದು ಬರಂಗಿಲ್ಲ, ಕುಂದ್ರಪಾ.’

ಅವನು ಕುಳಿತ. ಆಮೇಲೆ ಮೂರು ವರ್ಷ ಏನನ್ನೂ ಕೇಳಲಿಲ್ಲ. ಒಳ್ಳೆಯ ಅಂಕ ಪಡೆದು ಪಾಸಾದ. ಈ ಬರಹ ಬರೆಯುತ್ತಿರುವುದು ನನ್ನ ಆ ಉತ್ತರದ ಮೇಲಿನ ಸಿಟ್ಟಿಗೆ. ಅಂಥ ಉತ್ತರ ಕೊಡುವಂತೆ ನನ್ನನ್ನು ತಯಾರು ಮಾಡಿದ, ನನ್ನಂಥ ಸಾವಿರ ಮೇಷ್ಟ್ರುಗಳನ್ನು ಇಂದಿಗೂ ತಯಾರು ಮಾಡುತ್ತಿರುವ ಕಲಿಕೆಯ ಮೇಲೂ ಅಷ್ಟೇ ಸಿಟ್ಟಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಮಕ್ಕಳು ಕಲಾ ಪದವಿಗೆ ಸೇರಿದರೆ ಬಹುಮಂದಿ ಇತಿಹಾಸ, ರಾಜ್ಯಶಾಸ್ತ್ರದ ಜೊತೆ ಅರ್ಥಶಾಸ್ತ್ರವನ್ನೂ ಓದುತ್ತಾರೆ. ಅವರು ಬರುವ ಮನೆಗಳಲ್ಲಿ ಅರ್ಥಶಾಸ್ತ್ರ ದಿನಾ ಉರಿಯುತ್ತಿರುತ್ತದೆ. ಮನೆಯಲ್ಲಿ ಸೊಸೈಟಿ ಸಾಲವಿದೆ, ಸಂಘದ ಕಂತಿದೆ, ತೊಗರಿ ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಚಿಂತೆಯಿದೆ. ಗೋವಾಕ್ಕೆ ದುಡಿಯಲು ಹೋದ ಅಣ್ಣನ ಫೋನಿಗೆ ಕಾಯುವವರಿದ್ದಾರೆ. ಬೋರು ಬತ್ತಿದಾಗ ಲಿಂಬೆ ಗಿಡಕ್ಕೆ ಟ್ಯಾಂಕರ್ ನೀರು ಹಾಕಿದ ಲೆಕ್ಕ ಗೋಡೆಯ ಮೇಲಿದೆ. ಇಷ್ಟನ್ನು ಹೊತ್ತುಕೊಂಡು ಬಂದ ಹುಡುಗನಿಗೆ, ಹುಡುಗಿಗೆ ನಾವು ಮೊದಲ ದಿನ ಬರೆಸುವುದು ಲಯೊನೆಲ್ ರಾಬಿನ್ಸ್ 1932ರಲ್ಲಿ ಕೊಟ್ಟ ವ್ಯಾಖ್ಯೆ: ಮನುಷ್ಯನ ಬಯಕೆಗಳು ಅನೇಕ, ಸಾಧನಗಳು ಕಡಿಮೆ, ಅವುಗಳ ನಡುವಿನ ಆಯ್ಕೆಯ ಅಧ್ಯಯನವೇ ಅರ್ಥಶಾಸ್ತ್ರ.

ವ್ಯಾಖ್ಯೆ ಕೆಟ್ಟದ್ದೇನಲ್ಲ. ಅದು ಅನೇಕ ವ್ಯಾಖ್ಯೆಗಳಲ್ಲಿ ಒಂದು ಎಂದು ಹೇಳದೆ ಬರೆಸುವುದೇ ತಪ್ಪು. ‘ಆಯ್ಕೆ’ ಎಂಬ ಪದ ಒಮ್ಮೆ ತಲೆಗೆ ಹೊಕ್ಕರೆ ಗುಳೆ ಹೋಗುವುದೂ ಆಯ್ಕೆಯಾಗುತ್ತದೆ, ಬಡ್ಡಿಗೆ ಸಾಲ ತರುವುದೂ ಆಯ್ಕೆಯಾಗುತ್ತದೆ, ಹತ್ತನೇ ತರಗತಿಗೇ ಮಗಳ ಶಾಲೆ ಬಿಡಿಸುವುದೂ ಆಯ್ಕೆಯಾಗುತ್ತದೆ. ಸಾಧನ ಯಾಕೆ ಕಡಿಮೆ, ಯಾರಿಗೆ ಕಡಿಮೆ, ಯಾರ ಬಳಿ ಹೋಗಿ ಕೂಡಿತು ಎಂಬ ಪ್ರಶ್ನೆಗಳು ಮೊದಲ ದಿನವೇ ತರಗತಿಯ ಹೊರಗೆ ಉಳಿಯುತ್ತವೆ.

ಆಮೇಲೆ ಬರುವುದು ಎಲ್ಲಕ್ಕಿಂತ ಬಲವಾದ ಮಂತ್ರ: ‘ಇತರ ಅಂಶಗಳು ಸ್ಥಿರವಾಗಿದ್ದಾಗ’. ಈ ನಾಲ್ಕು ತಾಲೂಕುಗಳಲ್ಲಿ ಇತರ ಅಂಶಗಳು ಯಾವಾಗ ಸ್ಥಿರವಾಗಿದ್ದವು? ಡೋಣಿ ನದಿ ಒಂದು ವರ್ಷ ಓಣಿ ತುಂಬ ಜೋಳ ಕೊಡುತ್ತದೆ, ಇನ್ನೊಂದು ವರ್ಷ ಹೊಲವನ್ನೇ ಕೊಚ್ಚಿಕೊಂಡು ಹೋಗುತ್ತದೆ. ಅದರ ದಂಡೆಯ ಜನಕ್ಕೆ ‘ಸ್ಥಿರ’ ಎಂಬುದು ಪುಸ್ತಕದಲ್ಲಿ ಮಾತ್ರ ಸಿಗುವ ಪದ.

*

ಲಿಂಬೆಯನ್ನೇ ತೆಗೆದುಕೊಳ್ಳಿ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಇಂಡಿಯಲ್ಲೇ. ಬೇಸಿಗೆಯಲ್ಲಿ ಒಂದು ಹಣ್ಣು ಹತ್ತು ರೂಪಾಯಿ ಮುಟ್ಟಿದಾಗ ಪಟ್ಟಣದ ಪತ್ರಿಕೆಗಳು ‘ಲಿಂಬೆ ರೈತನಿಗೆ ಬಂಗಾರದ ಬೆಳೆ’ ಎಂದು ಬರೆಯುತ್ತವೆ. ಆದರೆ ಕಾಯಿ ಹೆಚ್ಚು ಬರುವುದು ಮಳೆಗಾಲದಲ್ಲಿ, ಆಗ ಕೇಳುವವರಿಲ್ಲ. ಬೇಸಿಗೆಯಲ್ಲಿ ಕಾಯಿ ಹಿಡಿಯಬೇಕಾದರೆ ನೀರು ಬೇಕು, ನೀರಿದ್ದವನಿಗೆ ಮಾತ್ರ ಆ ಬಂಗಾರ.

ಪೂರೈಕೆ ರೇಖೆ ಹೇಳುತ್ತದೆ: ಬೆಲೆ ಏರಿದರೆ ಉತ್ಪಾದಕ ಹೆಚ್ಚು ಪೂರೈಸುತ್ತಾನೆ. ಲಿಂಬೆ ಗಿಡ ನೆಟ್ಟು ಫಲ ಕಾಣಲು ವರ್ಷಗಳೇ ಬೇಕು. ಇಂದಿನ ಬೆಲೆ ನೋಡಿ ನಾಳೆ ಹೆಚ್ಚು ಕೊಡುವ ಗಿಡ ಇನ್ನೂ ಹುಟ್ಟಿಲ್ಲ. ಕೊಯ್ದ ಕಾಯಿ ಕೆಡುತ್ತದೆ, ಇಡಲು ಜಾಗವಿಲ್ಲ, ಮಾರುಕಟ್ಟೆಗೆ ಒಯ್ದ ಚೀಲವನ್ನು ‘ಬೆಲೆ ಸರಿಯಿಲ್ಲ’ ಎಂದು ಮರಳಿ ಊರಿಗೆ ತರುವಂತಿಲ್ಲ. ಕೊಳ್ಳುವವನಿಗೆ ಕಾಯುವ ತಾಕತ್ತಿದೆ, ಮಾರುವವನಿಗಿಲ್ಲ. ಬೆಲೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಎಷ್ಟೋ ಸಲ ಅಡತಿ ಅಂಗಡಿಯವನೇ ಬೀಜಕ್ಕೆ, ಗೊಬ್ಬರಕ್ಕೆ, ಮನೆಯ ಮದುವೆಗೆ ಕೈಗಡ ಕೊಟ್ಟವನು. ಅವನ ಅಂಗಡಿಗೇ ಮಾಲು ಹೋಗಬೇಕು. ಆಗ ಅದು ಮಾರಾಟವೋ ಸಾಲದ ಕಂತೋ?

ಎರಡು ಗೆರೆ ಇವನ್ನೆಲ್ಲ ತೋರಿಸುವುದಿಲ್ಲ. ತೋರಿಸಲೆಂದು ಅವನ್ನು ಎಳೆದದ್ದೂ ಅಲ್ಲ. ಮಳೆಗಾಲದಲ್ಲಿ ಬೆಲೆ ಯಾಕೆ ಬೀಳುತ್ತದೆ ಎಂಬುದನ್ನು ಅವು ಚೆನ್ನಾಗಿಯೇ ಹೇಳುತ್ತವೆ, ಅದು ಸಣ್ಣ ಮಾತಲ್ಲ. ಬಿದ್ದ ಬೆಲೆಯ ಪೆಟ್ಟು ಯಾರ ಬೆನ್ನಿಗೆ ಬೀಳುತ್ತದೆ ಎಂದು ಹೇಳಲು ಬೇರೆ ಕಣ್ಣು ಬೇಕು. ಆ ಕಣ್ಣುಗಳೂ ಅರ್ಥಶಾಸ್ತ್ರದೊಳಗೇ ಇವೆ, ಇನ್ನೂರು ವರ್ಷಗಳಿಂದ ಇವೆ. ಸಂಸ್ಥೆಗಳನ್ನು ಮುಂದಿಟ್ಟು ನೋಡುವವರು, ವರ್ಗವನ್ನು ಮುಂದಿಟ್ಟು ನೋಡುವವರು, ಹೆಣ್ಣಿನ ದುಡಿಮೆಯನ್ನು, ನಿಸರ್ಗವನ್ನು, ಮನುಷ್ಯನ ಮನಸ್ಸನ್ನು ಮುಂದಿಟ್ಟು ನೋಡುವವರು ಎಲ್ಲರೂ ಅರ್ಥಶಾಸ್ತ್ರಜ್ಞರೇ. ಇವರನ್ನು ನಮ್ಮ ಮಕ್ಕಳಿಗೆ ತೋರಿಸದೆ ಒಂದೇ ಕಣ್ಣನ್ನು ‘ವಿಷಯ’ ಎಂದು ಕರೆದದ್ದು ಮೋಸ.

*

ಇನ್ನೊಂದು ಪಾಠ, ಸಿಂದಗಿಯ ಯಾವ ಮನೆಯವರೂ ಮರೆತಿರಲಾರದ್ದು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಎಲ್ಲರೂ ತೊಗರಿ ಬಿತ್ತಿದರು, ಮಳೆಯೂ ಕೈಹಿಡಿಯಿತು. 2016-17ರಲ್ಲಿ ಸರ್ಕಾರ 425 ರೂಪಾಯಿ ಬೋನಸ್ ಸೇರಿಸಿ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಮಾರುಕಟ್ಟೆಯ ದರ ಅದಕ್ಕಿಂತ ಕೆಳಗೆ ಇಳಿಯಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತವು.

ಪಠ್ಯದಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ, ಜೇಡರ ಬಲೆಯ ಸಿದ್ಧಾಂತ. ರೈತ ಹೋದ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತುತ್ತಾನೆ, ಎಲ್ಲರೂ ಹಾಗೇ ಮಾಡುತ್ತಾರೆ, ಬೆಲೆ ಬೀಳುತ್ತದೆ. ಚಿತ್ರ ಚೆಂದ, ಅಂಕವೂ ಖಾತ್ರಿ. ಓದಿದ ಹುಡುಗ ತಲುಪುವ ತೀರ್ಮಾನ ಮಾತ್ರ ಒಂದೇ: ನಮ್ಮಪ್ಪನಿಗೆ ತಿಳಿವಳಿಕೆ ಇಲ್ಲ.

ಅದೇ ಕಾಲದಲ್ಲಿ ಇನ್ನೇನೇನಾಯಿತು ನೋಡಿ. ಬೇಳೆಯ ದರ ಇಳಿಸಲೆಂದು ಕೇಂದ್ರ ಸರ್ಕಾರ 2016ರ ಜುಲೈನಲ್ಲಿ ಮೊಜಾಂಬಿಕ್ ದೇಶದೊಡನೆ ಬೇಳೆಕಾಳು ತರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ದೇಶದೊಳಗೆ ವ್ಯಾಪಾರಿಗಳು ಇಷ್ಟಕ್ಕಿಂತ ಹೆಚ್ಚು ದಾಸ್ತಾನು ಇಡಬಾರದೆಂಬ ಮಿತಿ ಇತ್ತು, ಹಾಗಾಗಿ ಕೊಳ್ಳುವವರ ಕೈ ಕಟ್ಟಿತ್ತು. ತೊಗರಿ ಹೊರದೇಶಕ್ಕೆ ಕಳಿಸುವುದಕ್ಕೆ 2006ರಿಂದ ಇದ್ದ ನಿಷೇಧ ತೆರವಾದದ್ದು 2017ರ ಸೆಪ್ಟೆಂಬರಿನಲ್ಲಿ, ಅಷ್ಟರೊಳಗೆ ನಮ್ಮವರು ಮಾಲು ಮಾರಿ ಮುಗಿದಿತ್ತು. ಬೆಲೆ ಏರಿದಾಗ ಪೇಟೆಯ ಅನುಭೋಗಿಯನ್ನು ಕಾಪಾಡಲು ಬಾಗಿಲು ತೆರೆಯುತ್ತದೆ. ಬೆಲೆ ಬಿದ್ದಾಗ ರೈತನಿಗೆ ಬಾಗಿಲು ಮುಚ್ಚಿರುತ್ತದೆ. ಇದು ಜೇಡನ ಬಲೆಯೋ, ಯಾರೋ ಕೂತು ನೇಯ್ದ ಬಲೆಯೋ?

ಉತ್ತರ ಒಂದೇ ಇರಬೇಕೆಂದಿಲ್ಲ. ಬೇಳೆ 200 ರೂಪಾಯಿ ಆದಾಗ ಕೂಲಿಯವರ ಮನೆಯಲ್ಲಿ ಸಾರು ನೀರಾಗುತ್ತದೆ. ಅವರ ಪರವಾಗಿ ಆಮದು ಬೇಕೆಂದು ವಾದಿಸುವ ವಿದ್ಯಾರ್ಥಿಯೂ ತರಗತಿಯಲ್ಲಿರಬೇಕು, ಹೊಲ ಇದ್ದವರ ಮಗನಿಗೆ ಅವಳು ಎದುರು ಕೂರಬೇಕು. ಅವರಿಬ್ಬರೂ ಅಂಕಿಅಂಶ ಹಿಡಿದು ಒಂದು ಗಂಟೆ ಜಗಳವಾಡಿದರೆ ಅದೇ ಅರ್ಥಶಾಸ್ತ್ರ. ನಾವು ಆ ಗಂಟೆಯಲ್ಲಿ ಚಿತ್ರ ಬಿಡಿಸುತ್ತೇವೆ, ಅವರು ನಕಲು ಮಾಡಿಕೊಳ್ಳುತ್ತಾರೆ.

*

ದೀಪಾವಳಿಯ ಆಸುಪಾಸಿಗೆ ಈ ಭಾಗದ ತಾಂಡಾಗಳಿಂದ ಜನ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಹೊರಡುತ್ತಾರೆ. ಕಟ್ಟಡ ಕೆಲಸಕ್ಕೆ ಗೋವಾ, ಪುಣೆ, ಮಂಗಳೂರು. ಕಬ್ಬಿಗೆ ಹೋಗುವವರಿಗೆ ಮುಕಾದಮ ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಆ ಹಣ ಹಳೆಯ ಸಾಲಕ್ಕೋ ಆಸ್ಪತ್ರೆಗೋ ಹೋಗಿ ಆಗಿದೆ. ಇನ್ನು ತಿಂಗಳುಗಟ್ಟಲೆ ಕಡಿದು ತೀರಿಸಬೇಕು. ಅಲ್ಲಿ ಲೆಕ್ಕ ತಲೆಯ ಮೇಲಲ್ಲ, ‘ಕೊಯ್ತಾ’ದ ಮೇಲೆ. ಒಂದು ಕೊಯ್ತಾ ಎಂದರೆ ಒಂದು ಕುಡುಗೋಲು ಎಂದರ್ಥ, ಲೆಕ್ಕದ ಪುಸ್ತಕದಲ್ಲಿ ಅದು ಗಂಡ-ಹೆಂಡತಿ ಇಬ್ಬರೂ ಸೇರಿದ ಜೋಡಿ. ಹಣ ಎಣಿಸಿಕೊಳ್ಳುವವನು ಗಂಡ.

ನಾವು ಕಲಿಸುವುದೇನು? ಕೂಲಿ ಎಂದರೆ ಶ್ರಮದ ಸೀಮಾಂತ ಉತ್ಪನ್ನದ ಬೆಲೆ. ಶ್ರಮಿಕ ದುಡಿಮೆ ಮತ್ತು ವಿರಾಮಗಳ ನಡುವೆ ಆಯ್ಕೆ ಮಾಡುತ್ತಾನೆ. ಮುಂಗಡ ಪಡೆದವಳಿಗೆ ವಿರಾಮ ಯಾವ ಅಂಗಡಿಯಲ್ಲಿ ಸಿಗುತ್ತದೆ? ಅವಳ ಸೀಮಾಂತ ಉತ್ಪನ್ನ ಎಷ್ಟೆಂದು ಯಾರೂ ಅಳೆದಿಲ್ಲ, ಯಾಕೆಂದರೆ ಆ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ. ಬೆಳಗಿನ ಜಾವಕ್ಕೆ ಎದ್ದು ರೊಟ್ಟಿ ಬಡಿದು, ಗದ್ದೆಗೆ ಹೋಗಿ ಕಡಿದು, ಹೊರೆ ಕಟ್ಟಿ, ಸಂಜೆ ಮತ್ತೆ ಒಲೆ ಹಚ್ಚುವವಳು ದೇಶದ ಆದಾಯದ ಲೆಕ್ಕದಲ್ಲಿ ಅರ್ಧ ಮಾತ್ರ ಕಾಣುತ್ತಾಳೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯ ಸಂಬಳವಿಲ್ಲದ ಕೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97. ಇಂಥ ಲೆಕ್ಕ ಹಾಕಬೇಕೆಂದು 1970ರ ದಶಕದಲ್ಲೇ ಹಟ ಹಿಡಿದು ಹಳ್ಳಿಗಳಲ್ಲಿ ಹೆಂಗಸರ ದಿನದ ಗಂಟೆಗಳನ್ನು ಅಳೆಸಿದವರು ಮೈಸೂರಿನಲ್ಲಿ ಹುಟ್ಟಿದ ದೇವಕಿ ಜೈನ್. ನಮ್ಮ ರಾಜ್ಯದ ಹೆಣ್ಣುಮಗಳು ಮಾಡಿದ ಈ ಕೆಲಸದ ಹೆಸರನ್ನೂ ಕೇಳದೆ ನಮ್ಮ ಹುಡುಗಿಯರು ಅರ್ಥಶಾಸ್ತ್ರದ ಪದವಿ ಪಡೆಯುತ್ತಾರೆ. ಅದೇ ಹುಡುಗಿಯರು ಕಾಲೇಜಿಗೆ ಬರುವ ಮುನ್ನ ಮನೆಯಲ್ಲಿ ಎರಡು ಗಂಟೆ ದುಡಿದು ಬಂದಿರುತ್ತಾರೆ.

*

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ 1964ರಲ್ಲಿ ಅಡಿಗಲ್ಲು ಹಾಕಿದರು. ಅದು ಅಂದಿನ ಬಸವನ ಬಾಗೇವಾಡಿ ತಾಲೂಕಿನ ನೆಲ. ಕೃಷ್ಣೆ ನಿಂತಳು, ಕಾಲುವೆ ಹರಿದವು, ಬಹಳಷ್ಟು ಹೊಲ ಹಸಿರಾದವು. ಅದರ ಹಿಂದೆ ಹಳ್ಳಿಗಳು ಮುಳುಗಿದವು, ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಮುಳುಗಿತು. 519.6 ಮೀಟರಿನಲ್ಲಿರುವ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಏರಿದರೆ ಇನ್ನಷ್ಟು ಊರು, ಇನ್ನಷ್ಟು ಹೊಲ ನೀರಿಗೆ.

ಇದನ್ನು ತೂಗಲು ಪಠ್ಯದಲ್ಲಿ ಒಂದು ತಕ್ಕಡಿ ಇದೆ. 1939ರಲ್ಲಿ ಕಾಲ್ಡೋರ್ ಮತ್ತು ಹಿಕ್ಸ್ ಕೊಟ್ಟ ಪರಿಹಾರ ತತ್ವ: ಗೆದ್ದವರ ಲಾಭ ಸೋತವರ ನಷ್ಟವನ್ನು ತುಂಬಿ ಮಿಕ್ಕುವಷ್ಟಿದ್ದರೆ ಯೋಜನೆ ಒಳ್ಳೆಯದು. ಇಷ್ಟನ್ನು ನಾವು ಬರೆಸುತ್ತೇವೆ. ಅದರ ಬಾಲವನ್ನು ಬಿಡಿಸಿ ಹೇಳುವುದಿಲ್ಲ: ತುಂಬಿಕೊಡಲು *ಸಾಧ್ಯವಿದ್ದರೆ* ಸಾಕು, ನಿಜವಾಗಿ ತುಂಬಿಕೊಡಬೇಕೆಂದಿಲ್ಲ! ಪುನರ್ವಸತಿ ಕೇಂದ್ರದಲ್ಲಿ ಬೆಳೆದ ಮಗುವಿನ ಮುಂದೆ ಈ ವಾಕ್ಯವನ್ನು ಪೂರ್ತಿ ಓದಿ ನೋಡಿ. ನೀವು ಬೇರೇನೂ ಹೇಳಬೇಕಿಲ್ಲ, ವಿಮರ್ಶೆ ಅಲ್ಲೇ ಹುಟ್ಟುತ್ತದೆ. ನೀರು ಬಂದ ಮುದ್ದೇಬಿಹಾಳದ ಹಳ್ಳಿಯ ಮಗು ಪಕ್ಕದಲ್ಲೇ ಕೂತಿದ್ದು, ಕಾಲುವೆ ಬಂದ ಮೇಲೆ ತನ್ನ ಮನೆಯವರು ಗುಳೆ ಹೋಗುವುದನ್ನು ಬಿಟ್ಟ ಕತೆ ಹೇಳಿದರೆ ಪಾಠ ಇನ್ನೂ ಕಷ್ಟವಾಗುತ್ತದೆ. ಕಷ್ಟವಾಗಲಿ, ಪದವಿ ತರಗತಿ ಇರುವುದೇ ಅದಕ್ಕೆ.

‘ಹಿಂದುಳಿದ ತಾಲೂಕು’ ಎಂಬುದನ್ನೂ ಹೀಗೇ ನೋಡಬೇಕು. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕ ಹಿಡಿದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿದ್ದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ನಮ್ಮ ನಾಲ್ಕೂ ಅದರಲ್ಲಿವೆ. ದೊಡ್ಡ ಕೆಲಸ ಅದು. ನಮ್ಮ ತರಗತಿಯಲ್ಲಿ ಅದು ಐದು ಅಂಕದ ಟಿಪ್ಪಣಿ. ಮಕ್ಕಳು ‘ನಮ್ಮ ತಾಲೂಕು ಹಿಂದುಳಿದಿದೆ’ ಎಂದು ಬರೆದು ಅಂಕ ತರುತ್ತಾರೆ. ಹಿಂದುಳಿದಿದೆಯೋ, ಹಿಂದೆ ಉಳಿಸಲಾಗಿದೆಯೋ ಎಂದು ಕೇಳುವ ಅಭ್ಯಾಸ ನಾವು ಮಾಡಿಸಿಲ್ಲ. ಭೀಮೆಯ ಆಚೆ ದಂಡೆಯ ಅಫಜಲಪುರದ ವಿದ್ಯಾರ್ಥಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ, ಈಚೆ ದಂಡೆಯ ಇಂಡಿಯವನಿಗೆ ಇಲ್ಲ. ಯಾಕೆಂದರೆ ಒಬ್ಬನ ಮುತ್ತಜ್ಜ ನಿಜಾಮನ ಸೀಮೆಯಲ್ಲಿದ್ದ, ಇನ್ನೊಬ್ಬನ ಮುತ್ತಜ್ಜ ಮುಂಬಯಿ ಪ್ರಾಂತ್ಯದಲ್ಲಿದ್ದ. ಮಣ್ಣು ಒಂದೇ, ಮಳೆ ಒಂದೇ, ಜೋಳ ಒಂದೇ. ಇತಿಹಾಸ ಆರ್ಥಿಕತೆಯನ್ನು ಹೇಗೆ ಕಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಮಕ್ಕಳಿಗೆ ಹೇಳಿ: ಆ 35 ಸೂಚಕಗಳನ್ನು ಓದಿ, ನಿಮ್ಮೂರನ್ನು ಅಳೆಯಲು 36ನೆಯದು ಏನಿರಬೇಕು ಎಂದು ವಾದ ಮಾಡಿ ಬರೆಯಿರಿ. ಗೈಡಿನಲ್ಲಿ ಸಿಗದ ಮೊದಲ ಉತ್ತರ ಅವರ ಕೈಯಿಂದ ಹುಟ್ಟುತ್ತದೆ.

*

ಒಂದೇ ಕಣ್ಣಿನ ಅರ್ಥಶಾಸ್ತ್ರ ಅಪಾಯವಿಲ್ಲದ ಅಭ್ಯಾಸ ಎಂದುಕೊಳ್ಳುವವರು ನಮ್ಮದೇ ನೆಲದ ಚರಿತ್ರೆ ನೋಡಬೇಕು. 1876-78ರ ಬರದಲ್ಲಿ ಈ ಸೀಮೆ ಕಲಾದಗಿ ಜಿಲ್ಲೆಗೆ ಸೇರಿತ್ತು. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈಹಾಕಬಾರದು, ಬೆಲೆ ತಾನೇ ಮಾಲನ್ನು ಎಳೆದು ತರುತ್ತದೆ ಎಂಬುದು ವೈಸರಾಯ್ ಲಿಟ್ಟನ್ನನ ಸರ್ಕಾರದ ನಂಬಿಕೆ. ಪುಸ್ತಕದಲ್ಲಿ ಓದಿದ ನಂಬಿಕೆ ಅದು. ಬರದ ಕಾಲದಲ್ಲೂ ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ರಿಚರ್ಡ್ ಟೆಂಪಲ್ ಬರ ಕಾಮಗಾರಿಯ ಕೂಲಿಯ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ ಇಳಿಸಿದ. 1872ರ ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಕುಗ್ಗಿತು. ಬೆಲೆ ಧಾನ್ಯವನ್ನು ಎಳೆಯುವುದು ಕೊಳ್ಳುವ ಶಕ್ತಿ ಇದ್ದಲ್ಲಿಗೆ, ಹಸಿವು ಇದ್ದಲ್ಲಿಗಲ್ಲ. ಇದನ್ನು ಅಮರ್ತ್ಯ ಸೆನ್ 1981ರಲ್ಲಿ ಪುಸ್ತಕ ಬರೆದು ತೋರಿಸುವ ನೂರು ವರ್ಷ ಮೊದಲೇ ನಮ್ಮ ಹಿರಿಯರು ಮೈಮೇಲೆ ಅನುಭವಿಸಿದ್ದರು. ಸಿದ್ಧಾಂತವೊಂದನ್ನು ಪ್ರಶ್ನೆ ಮಾಡದೆ ಕಲಿತ ಅಧಿಕಾರಿ ಏನು ಮಾಡಬಲ್ಲ ಎಂಬುದಕ್ಕೆ ಬೇರೆ ದೇಶದ ಸಾಕ್ಷಿ ಬೇಕಿಲ್ಲ. ನಮ್ಮ ಹುಡುಗರೂ ನಾಳೆ ಪಿಡಿಒ, ತಹಶೀಲ್ದಾರ್ ಆಗುವವರೇ.

ಹೊರಗಿನವರು ಸುಮ್ಮನೆ ಕೂತಿಲ್ಲ. ಪ್ಯಾರಿಸ್ಸಿನ ವಿದ್ಯಾರ್ಥಿಗಳು 2000ದಲ್ಲೇ ‘ನಮಗೆ ಕಲಿಸುವ ಅರ್ಥಶಾಸ್ತ್ರಕ್ಕೂ ಜಗತ್ತಿಗೂ ಸಂಬಂಧವಿಲ್ಲ’ ಎಂದು ಮನವಿ ಬರೆದರು. 2008ರ ಕುಸಿತದ ನಂತರ ಇಂಗ್ಲೆಂಡಿನ ರಾಣಿ ಲಂಡನ್ನಿನ ಅರ್ಥಶಾಸ್ತ್ರ ಶಾಲೆಗೆ ಹೋಗಿ, ಇದು ಯಾರಿಗೂ ಮೊದಲೇ ಯಾಕೆ ಕಾಣಲಿಲ್ಲ ಎಂದು ಕೇಳಿದಳು. 2011ರ ನವೆಂಬರಿನಲ್ಲಿ ಹಾರ್ವರ್ಡಿನ ವಿದ್ಯಾರ್ಥಿಗಳು ಗ್ರೆಗರಿ ಮ್ಯಾನ್ಕಿವ್ ಅವರ ತರಗತಿಯಿಂದ ಎದ್ದು ಹೋದರು. 2014ರಲ್ಲಿ ಹಲವು ದೇಶಗಳ ವಿದ್ಯಾರ್ಥಿ ಸಂಘಗಳು ಬಹುನೋಟದ ಅರ್ಥಶಾಸ್ತ್ರ ಬೇಕೆಂದು ಒಟ್ಟಾಗಿ ಪತ್ರ ಬರೆದವು. ನಮ್ಮ ಮಕ್ಕಳು ಎದ್ದು ಹೋಗುವುದಿಲ್ಲ. ಹಾಜರಿ ಬೇಕು, ವಿದ್ಯಾರ್ಥಿವೇತನ ಬೇಕು, ಮೇಷ್ಟ್ರ ಭಯವಿದೆ. ಅವರು ಬೆಂಚಿನ ಮೇಲೇ ಕೂತು ಒಳಗಿನಿಂದ ಎದ್ದು ಹೋಗುತ್ತಾರೆ.

*

ಈ ಮಾತಿಗೆ ಸ್ಟಾಫ್ ರೂಮಿನಲ್ಲಿ ನನಗೆ ಸಿಗುವ ಉತ್ತರಗಳು ನಾಲ್ಕು.

ಮೊದಲನೆಯದು: ‘ಮೊದಲು ಮೂಲ ಪಾಠ ಕಲಿಯಲಿ, ವಿಮರ್ಶೆ ಆಮೇಲೆ.’ ಆಮೇಲೆ ಎಂದರೆ ಯಾವಾಗ? ನಮ್ಮ ಮಕ್ಕಳಲ್ಲಿ ಬಹುಪಾಲು ಎಂ.ಎ.ಗೆ ಹೋಗುವುದಿಲ್ಲ. ಅವರಿಗೆ ಪದವಿಯೇ ಕೊನೆಯ ಪಾಠ. ಮೂಲವೆಂದು ನಾವು ಬರೆಸುವುದನ್ನು ಆ ಪರಂಪರೆಯವರೇ ಎಂದೋ ತಿದ್ದಿದ್ದಾರೆ. ಕನಿಷ್ಠ ಕೂಲಿ ಏರಿಸಿದರೆ ಉದ್ಯೋಗ ಕಡಿಮೆಯಾಗುತ್ತದೆ ಎಂಬುದು ಚಿತ್ರದ ಉತ್ತರ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ನ್ಯೂಜೆರ್ಸಿಯ ಹೋಟೆಲುಗಳಿಗೆ ಕರೆ ಮಾಡಿ ಕೇಳಿ, ಹಾಗಾಗಲಿಲ್ಲ ಎಂದು 1994ರಲ್ಲಿ ತೋರಿಸಿದರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಮ್ಮ ಗೈಡಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಹೋಗಿ ಕೇಳುವುದೇ ಮೂಲ ಪಾಠ ಎಂದು ನಾನು ಈಗ ನಂಬುತ್ತೇನೆ.

ಎರಡನೆಯದು: ‘ಪರೀಕ್ಷೆ, ನೌಕರಿ ಮುಖ್ಯ.’ ಒಪ್ಪುತ್ತೇನೆ, ಬಡವರ ಮಕ್ಕಳಿಗೆ ನೌಕರಿಯ ಮಾತು ಹಗುರವಲ್ಲ. ಆದರೆ ಕೆ.ಎ.ಎಸ್. ಮುಖ್ಯ ಪರೀಕ್ಷೆಯ ಪ್ರಬಂಧಕ್ಕೆ ಬೇಕಾದದ್ದು ಒಂದು ಪ್ರಶ್ನೆಯನ್ನು ನಾಲ್ಕು ಕಡೆಯಿಂದ ನೋಡುವ ಶಕ್ತಿಯೇ. ಗೈಡಿನ ಮಕ್ಕಳು ಸೋಲುವುದೂ ಅಲ್ಲೇ.

ಮೂರನೆಯದು ನನಗೆ ಎಲ್ಲಕ್ಕಿಂತ ನೋವು ಕೊಡುವುದು: ‘ನಮ್ಮ ಹುಡುಗರಿಗೆ ಅಷ್ಟು ತಲೆ ಇಲ್ಲ, ಕನ್ನಡ ಮಾಧ್ಯಮ ಬೇರೆ.’ ಲಿಲಾವಿನ ಲೆಕ್ಕವನ್ನು ಬಾಯಲ್ಲೇ ಮಾಡುವ ಹುಡುಗನಿಗೆ ತಲೆ ಇಲ್ಲವೇ? ಕೊರತೆ ಇರುವುದು ಕನ್ನಡದ ಓದಿನಲ್ಲಿ. ‘ಔದಾಸೀನ್ಯ ವಕ್ರರೇಖೆ’ ಎಂಬ ಪದ ಕೇಳಿ ಔದಾಸೀನ್ಯವೇ ಹುಟ್ಟುತ್ತದೆ. ಅಂಬೇಡ್ಕರ್ ಅವರ ಬರಹಗಳು ಸರ್ಕಾರದ ಕಡೆಯಿಂದಲೇ ಕನ್ನಡಕ್ಕೆ ಬಂದಿವೆ. ಸಣ್ಣ ಹಿಡುವಳಿಗಳ ಬಗ್ಗೆ ಅವರು 1918ರಲ್ಲಿ ಬರೆದದ್ದನ್ನು ನಾಲ್ಕು ಎಕರೆಯವರ ಮಗ ಓದಬೇಡವೇ? ಹೊಲ ಸಣ್ಣದು ಎಂಬುದಷ್ಟೇ ರೋಗವಲ್ಲ, ಅದರ ಮೇಲೆ ಬಿದ್ದಿರುವ ಜನರ ಭಾರ ಮತ್ತು ಬಂಡವಾಳದ ಕೊರತೆ ನೋಡಿ ಎಂದ ವಾದ ಅದು. ಗ್ರಂಥಾಲಯದ ಕಪಾಟಿನಲ್ಲಿ ಆ ಸಂಪುಟ ಇದೆ, ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಮಾತ್ರ ಗೊತ್ತಿಲ್ಲ.

ನಾಲ್ಕನೆಯದು ಗಂಭೀರವಾದದ್ದು: ‘ಎಲ್ಲ ನೋಟವೂ ಸರಿ ಎಂದರೆ ಯಾವುದೂ ಸರಿಯಲ್ಲ ಎಂದಂತಾಯಿತು.’ ಹೌದು, ಆ ಅಪಾಯವಿದೆ. ಬಹುನೋಟ ಎಂದರೆ ಐವರು ಚಿಂತಕರ ಫೋಟೋ ಹಾಕಿ ಒಬ್ಬೊಬ್ಬರಿಗೆ ಒಂದು ಪುಟ ಬರೆಸುವುದಲ್ಲ. ಬಾಗೇವಾಡಿ ಬಸವಣ್ಣ ಹುಟ್ಟಿದ ಊರು, ಹಾಗೆಂದು ‘ಕಾಯಕ, ದಾಸೋಹ’ ಎಂದು ಕೊನೆಯ ಘಟಕಕ್ಕೆ ಅಂಟಿಸಿದರೆ ಅವನಿಗೂ ಅವಮಾನ, ಪಾಠಕ್ಕೂ ಅವಮಾನ. ಕಾಯಕಗಳಲ್ಲಿ ಮೇಲುಕೀಳಿಲ್ಲ ಎಂಬುದನ್ನು ನಿಜವಾಗಿ ಹಿಡಿದರೆ, ಅದೇ ಊರಿನಲ್ಲಿ ಚರಂಡಿ ಬಳಿಯುವವನ ಕೂಲಿಗೂ ಕುರ್ಚಿಯಲ್ಲಿ ಕೂರುವವನ ಸಂಬಳಕ್ಕೂ ಇಷ್ಟು ಅಂತರ ಯಾಕೆ ಎಂದು ಕೇಳಬೇಕಾಗುತ್ತದೆ. ಒಂದು ಸಿದ್ಧಾಂತ ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ, ಅದಕ್ಕೆ ಸಾಕ್ಷಿ ಏನು ಎಂದು ಪ್ರತಿಯೊಂದನ್ನೂ ಕೇಳಬೇಕು. ಮಾರುಕಟ್ಟೆಯನ್ನು ಹೊಗಳುವವರನ್ನೂ ಕೇಳಬೇಕು, ಬೈಯುವವರನ್ನೂ ಕೇಳಬೇಕು. ಸಾಕ್ಷಿಯ ಮುಂದೆ ಕೆಲವು ನೋಟ ಸೋಲುತ್ತವೆ, ಸೋಲಲಿ. ಈಗ ಸೋಲುವ ಅವಕಾಶವೇ ಇಲ್ಲದೆ ಒಂದು ನೋಟ ಗೆದ್ದು ಕೂತಿದೆ.

2021ರಲ್ಲಿ ಹೊಸ ಶಿಕ್ಷಣ ನೀತಿ ಎಂದು ಪಠ್ಯಕ್ರಮ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಎರಡು ಸಲವೂ ಪತ್ರಿಕೆಗಳ ಹೆಸರು, ಕ್ರೆಡಿಟ್ಟುಗಳ ಲೆಕ್ಕ ಬದಲಾದವು. ಬೋರ್ಡಿನ ಮೇಲಿನ ಎರಡು ಗೆರೆ ಹಾಗೇ ಉಳಿದವು. ಹಾಗಾಗಿ ವಿಶ್ವವಿದ್ಯಾಲಯ ಬದಲಾಗಲಿ ಎಂದು ಕಾಯುವುದನ್ನು ನಾನು ಬಿಟ್ಟಿದ್ದೇನೆ. ಅಸೈನ್‌ಮೆಂಟ್ ಎಂದು ಝೆರಾಕ್ಸ್ ಅಂಗಡಿಯಿಂದ ತಂದು ಕೊಡುವ ಹಾಳೆಗಳ ಬದಲು ಒಂದು ದಿನ ಎ.ಪಿ.ಎಂ.ಸಿ.ಗೆ, ಒಂದು ದಿನ ಸಂತೆಗೆ, ಒಂದು ದಿನ ತಾಂಡಾಕ್ಕೆ ಕಳಿಸಲು ಯಾರ ಆದೇಶವೂ ಬೇಕಿಲ್ಲ. ಪ್ರತಿ ಘಟನೆಗೆ ಎರಡು ವಿವರಣೆ ಬರೆಯಿರಿ, ಯಾವುದು ಹೆಚ್ಚು ನಂಬುವಂಥದ್ದು, ಯಾಕೆ ಎಂದು ಹೇಳಿ ಎಂದು ಆಂತರಿಕ ಪರೀಕ್ಷೆಯಲ್ಲಿ ಕೇಳಲು ಸಿಂಡಿಕೇಟಿನ ಒಪ್ಪಿಗೆ ಬೇಕಿಲ್ಲ. ನನಗೆ ಗೊತ್ತಿಲ್ಲ, ಹುಡುಕೋಣ ಎಂದು ತರಗತಿಯ ಮುಂದೆ ಹೇಳಲು ಬೇಕಾದದ್ದು ಸ್ವಲ್ಪ ಧೈರ್ಯ. ನನ್ನಲ್ಲಿ ಆ ದಿನ ಇಲ್ಲದಿದ್ದದ್ದು ಅದೇ.

ಆ ಹುಡುಗ ಈಗ ವಿಜಯಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಸಿಕ್ಕ. ‘ಅಪ್ಪ ಹ್ಯಾಂಗದಾನಪಾ, ಲಿಂಬಿ ಹ್ಯಾಂಗದ?’ ಎಂದು ಕೇಳಿದೆ. ‘ಅರ್ಧ ಗಿಡ ಒಣಗ್ಯಾವ್ರಿ ಸರ್. ಅಪ್ಪಗ ಮಾರ್ಕೆಟ್ ತಿಳಿಯಂಗಿಲ್ರಿ, ಅದಕ್ಕ ಹಿಂಗಾಗದ’ ಎಂದ.

ಈ ಮಾತು ಅವನಿಗೆ ಕಲಿಸಿದವನು ನಾನು. ಬಸ್ಸು ಬಂತು, ಅವನು ಹತ್ತಿ ಹೋದ. ಜ್ಯೂನ್ ತಿಂಗಳಲ್ಲಿ ಹೊಸ ತರಗತಿ ಶುರುವಾಗುತ್ತದೆ. ಬೋರ್ಡಿನ ಮೇಲೆ ಮತ್ತೆ ಎರಡು ಗೆರೆ ಎಳೆಯುತ್ತೇನೆ, ಅವು ಬೇಕು. ಆದರೆ ಚುಕ್ಕೆ ಇಟ್ಟ ಮೇಲೆ ಈ ಸಲ ನಾನೇ ಕೇಳುತ್ತೇನೆ: ಇದರಾಗ ನಿಮ್ಮಪ್ಪ ಎಲ್ಲಿ ನಿಂತಾನ? ನಿಮ್ಮವ್ವ ಎಲ್ಲಿ ನಿಂತಾಳ?